ಕ್ಲಿಕ್ ಕೊನೆಗೆ: ಏರ್ ಪಿಸ್ತೂಲಿನ ಸೈಟ್ ದುರಸ್ತಿ ಮತ್ತು ಹೊಂದಾಣಿಕೆಯ ದಾಖಲೆ

ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಎರಡು ಸೈಟುಗಳಿರುತ್ತವೆ: ಬಾಯಿಯ ಬಳಿ ಮುಂದಿನದು, ಕಣ್ಣಿನ ಕಡೆಗೆ ಕಚ್ಚು ಇರುವ ಹಿಂದಿನದು. ಹಿಂದಿನದನ್ನು ಸರಿಸುವ ಸ್ಕ್ರೂ ತಿರುಗುವಾಗ ಒಂದೊಂದು ಹೆಜ್ಜೆಗೂ ಕ್ಲಿಕ್ ಎನ್ನುತ್ತದೆ. ಹಿಂದಿನ ಸೈಟನ್ನು ಬಲಕ್ಕೆ ಆರು ಕ್ಲಿಕ್ ಸರಿಸಿ, ಮತ್ತೆ ಎಡಕ್ಕೆ ಆರು ಕ್ಲಿಕ್ ತಂದರೆ ಗುಂಡುಗಳ ಗುಂಪು ಮೊದಲಿದ್ದ ಜಾಗಕ್ಕೇ ಮರಳಬೇಕು. ನಾನು ಕೊಂಡ ಹಳೆಯ ಏರ್ ಪಿಸ್ತೂಲಿನಲ್ಲಿ ಅದು ಮರಳುತ್ತಿರಲಿಲ್ಲ. ಒಮ್ಮೆ ಎರಡು ಮಿಲಿಮೀಟರ್ ಆಚೆ, ಇನ್ನೊಮ್ಮೆ ಈಚೆ. ಕೈ ನಡುಗುವುದರಿಂದ ಹೀಗಾಗುತ್ತಿದೆ ಎಂದುಕೊಳ್ಳುವುದು ಸುಲಭ. ಆದರೆ ಮರಳಿನ ಚೀಲದ ಮೇಲೆ ಆನಿಸಿ ಹೊಡೆದಾಗಲೂ ಅದೇ ವ್ಯತ್ಯಾಸ ಕಂಡಿತು. ಆದ್ದರಿಂದ ಗುರಿಹಲಗೆಯನ್ನು ಬದಿಗಿಟ್ಟು ಪಿಸ್ತೂಲನ್ನೇ ಮೇಜಿನ ಮೇಲೆ ತಂದೆ.

ಸೈಟ್ ಹೊಂದಿಸುವುದೆಂದರೆ ಸ್ಕ್ರೂ ತಿರುಗಿಸುವುದು ಎಂದೇ ಹೆಚ್ಚಿನವರು ಭಾವಿಸುತ್ತಾರೆ. ನನ್ನ ಮಟ್ಟಿಗೆ ಸ್ಕ್ರೂ ತಿರುಗಿಸುವುದು ಈ ಕೆಲಸದ ಕೊನೆಯ ಹಂತ. ಅದಕ್ಕೂ ಮೊದಲು ಸೈಟಿನ ಭಾಗಗಳಲ್ಲಿ ಸಡಿಲಾಟ ಇರಬಾರದು, ಹಿಡಿ ಅಂಗೈಗೆ ಸರಿಯಾಗಿ ಕೂರಬೇಕು, ಹಿಂದಿನ ಸೈಟಿನ ಕಚ್ಚಿನ ಅಗಲ ಕಣ್ಣಿಗೆ ಒಪ್ಪಬೇಕು. ಈ ಕ್ರಮ ತಪ್ಪಿದರೆ ಇವತ್ತು ಹಾಕಿದ ಕ್ಲಿಕ್‌ಗಳನ್ನು ನಾಳೆ ತೆಗೆಯಬೇಕಾಗುತ್ತದೆ.

ಮೊದಲು ಸ್ವಲ್ಪ ಲೆಕ್ಕ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ನನ್ನ ಪಿಸ್ತೂಲಿನಲ್ಲಿ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ 330 ಮಿ.ಮೀ. ಅಂತರವಿದೆ. ಗುರಿ ಇರುವುದು 10 ಮೀಟರ್ ದೂರದಲ್ಲಿ, ಅಂದರೆ 10,000 ಮಿ.ಮೀ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 30 ಬರುತ್ತದೆ. ಸೈಟಿನಲ್ಲಿ 0.1 ಮಿ.ಮೀ. ಅಲುಗಿದರೆ ಗುರಿಯಲ್ಲಿ ಗುಂಡು 3 ಮಿ.ಮೀ. ಸರಿಯುತ್ತದೆ. 10 ಮೀಟರ್ ಏರ್ ಪಿಸ್ತೂಲ್ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., ಪೆಲೆಟ್ಟಿನ (ಏರ್ ಪಿಸ್ತೂಲಿನ ಸಣ್ಣ ಗುಂಡಿನ) ವ್ಯಾಸ 4.5 ಮಿ.ಮೀ. ಪೆಲೆಟ್ಟಿನ ಅಂಚು ವೃತ್ತದ ಗೆರೆಯನ್ನು ಮುಟ್ಟಿದರೂ ಹತ್ತು ಅಂಕ ಸಿಗುವುದರಿಂದ, ಗುಂಡಿನ ಕೇಂದ್ರ ಗುರಿಯ ಕೇಂದ್ರದಿಂದ 8 ಮಿ.ಮೀ. ಒಳಗಿದ್ದರೆ ಸಾಕು. ಈ 8 ಮಿ.ಮೀ. ಅನ್ನು ಸೈಟಿನ ಮಟ್ಟಕ್ಕೆ ಇಳಿಸಿದರೆ ಉಳಿಯುವುದು 0.26 ಮಿ.ಮೀ. ಮಾತ್ರ. ಅದೇ ಸೈಟುಗಳ ಸಾಲು ಕೆಡದೆ ಇಡೀ ಕೈ 3 ಮಿ.ಮೀ. ಪಕ್ಕಕ್ಕೆ ತೇಲಿದರೆ ಗುಂಡೂ 3 ಮಿ.ಮೀ. ಮಾತ್ರ ಸರಿಯುತ್ತದೆ. ಕೈ ತೇಲುವುದನ್ನು ಕ್ಷಮಿಸಬಹುದು, ಸಾಲು ತಪ್ಪುವುದನ್ನು ಕ್ಷಮಿಸಲಾಗದು ಎಂದು ತರಬೇತುದಾರರು ಹೇಳುವುದು ಈ ಮೂವತ್ತು ಪಟ್ಟಿನ ಕಾರಣಕ್ಕೆ. ಮುಂದಿನ ಸೈಟಿನ ಮೇಲೆಯೇ ಕಣ್ಣು ನೆಡಬೇಕು, ಗುರಿ ಮಸುಕಾಗಿ ಕಂಡರೂ ಚಿಂತೆಯಿಲ್ಲ ಎನ್ನುವುದಕ್ಕೂ ಇದೇ ಆಧಾರ.

ಬಿಚ್ಚುವ ಮೊದಲು ಮಾಡಬೇಕಾದದ್ದು: ಪಿಸ್ತೂಲಿನ ಬಾಯಿಯನ್ನು ಯಾರೂ ಇಲ್ಲದ ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಒಳಗೆ ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡಿ, ಗಾಳಿಯ ಸಿಲಿಂಡರನ್ನು ಕಳಚಿ ದೂರ ಇಡುವುದು. ತುಂಬಿದ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇರುತ್ತದೆ. ಸೈಟಿನ ಕೆಲಸಕ್ಕೆ ಅದು ಬೇಕಿಲ್ಲ, ಹತ್ತಿರ ಇರಲೂಬಾರದು.

ಪಿಸ್ತೂಲನ್ನು ದಪ್ಪ ಚರ್ಮದ ತುಂಡುಗಳ ನಡುವೆ ವೈಸ್‌ನಲ್ಲಿ ಮೆಲ್ಲಗೆ ಹಿಡಿಸಿದೆ. 0.01 ಮಿ.ಮೀ. ಅಳೆಯುವ ಡಯಲ್ ಗೇಜಿನ ಮೊನೆಯನ್ನು ಹಿಂದಿನ ಸೈಟಿನ ಪಕ್ಕಕ್ಕೆ ತಾಗಿಸಿ ಸ್ಕ್ರೂವನ್ನು ಬಲಕ್ಕೆ ತಿರುಗಿಸುತ್ತಾ ಹೋದೆ. ಹತ್ತು ಕ್ಲಿಕ್‌ಗೆ 0.26 ಮಿ.ಮೀ. ಚಲನೆ. ಗುರಿಯಲ್ಲಿ ಅದು 8 ಮಿ.ಮೀ. ಆಗುತ್ತದೆ, ಅಂದರೆ ಒಂದು ಕ್ಲಿಕ್‌ಗೆ 0.8 ಮಿ.ಮೀ. ಗುರಿಹಲಗೆಯಲ್ಲಿ ಒಂದು ವೃತ್ತಕ್ಕೂ ಮುಂದಿನದಕ್ಕೂ ಇರುವ ಅಂತರವೂ 8 ಮಿ.ಮೀ. ಆದ್ದರಿಂದ ಹತ್ತು ಕ್ಲಿಕ್ ಎಂದರೆ ಒಂದು ಅಂಕ ಎಂಬ ಲೆಕ್ಕ ನೆನಪಿಡಲು ಸುಲಭವಾಯಿತು. ಇದು ನನ್ನ ಪಿಸ್ತೂಲಿನ ಲೆಕ್ಕ. ಸ್ಕ್ರೂವಿನ ಎಳೆ, ಸೈಟುಗಳ ಅಂತರ ಬೇರೆಯಾದರೆ ಇದೂ ಬೇರೆಯಾಗುತ್ತದೆ. ಡಯಲ್ ಗೇಜ್ ಇಲ್ಲದವರು ಆಸರೆ ಕೊಟ್ಟು ಹತ್ತು ಗುಂಡು ಹೊಡೆದು, ಇಪ್ಪತ್ತು ಕ್ಲಿಕ್ ತಿರುಗಿಸಿ, ಮತ್ತೆ ಹತ್ತು ಹೊಡೆದು, ಎರಡು ಗುಂಪುಗಳ ಕೇಂದ್ರಗಳ ನಡುವಿನ ಅಂತರವನ್ನು ಇಪ್ಪತ್ತರಿಂದ ಭಾಗಿಸಿದರೆ ಸಾಕು.

ತೊಂದರೆ ಕಂಡದ್ದು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದಾಗ. ಮೊದಲ ಮೂರು ಕ್ಲಿಕ್ ಸದ್ದು ಮಾಡಿದವು, ಗೇಜಿನ ಮುಳ್ಳು ಮಾತ್ರ ಕದಲಲಿಲ್ಲ. ಸೈಟಿನ ಕಚ್ಚಿರುವ ತಗಡನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಅದು 0.08 ಮಿ.ಮೀ. ಸರಿದು ಅಲ್ಲೇ ನಿಂತಿತು. ಗುರಿಯಲ್ಲಿ ಅದು 2.4 ಮಿ.ಮೀ. ಗುಂಪು ಆಚೀಚೆ ಓಡಾಡುತ್ತಿದ್ದುದಕ್ಕೆ ಕಾರಣ ಸಿಕ್ಕಿತು.

ಹಿಂದಿನ ಸೈಟನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಿಚ್ಚಿದೆ. ಕ್ಲಿಕ್ ಎನಿಸುವ ಉಕ್ಕಿನ ಗೋಲಿ ಸಾಸಿವೆ ಕಾಳಿನಷ್ಟು ಸಣ್ಣದು, ಅದರ ಹಿಂದಿನ ಸ್ಪ್ರಿಂಗ್ ಅದನ್ನು ಕೋಣೆಯ ಮೂಲೆಗೆ ಹಾರಿಸಬಲ್ಲದು. ಚೀಲದೊಳಗೆ ಬಿಚ್ಚಿದರೆ ಹಾರಿದ್ದು ಅಲ್ಲೇ ಉಳಿಯುತ್ತದೆ. ಪ್ರತಿ ಭಾಗ ಹೊರಬಂದಂತೆ ಮೊಬೈಲಿನಲ್ಲಿ ಚಿತ್ರ ತೆಗೆದೆ. ಸ್ಪ್ರಿಂಗಿನ ಯಾವ ತುದಿ ಯಾವ ಕಡೆಗಿತ್ತು ಎಂಬುದು ಜೋಡಿಸುವಾಗ ನೆನಪಿರುವುದಿಲ್ಲ.

ಒಳಗೆ ಎರಡು ದೋಷಗಳಿದ್ದವು. ಹಳೆಯ ಗ್ರೀಸು ದೂಳು ಹಿಡಿದು ಗಟ್ಟಿಯಾಗಿ, ಸೈಟಿನ ತಗಡು ಜಾರುವ ಕಾಲುವೆಯನ್ನು ತುಂಬಿಕೊಂಡಿತ್ತು. ಇನ್ನೊಂದು, ತಗಡನ್ನು ಸದಾ ಸ್ಕ್ರೂವಿನ ತಲೆಗೆ ಒತ್ತಿ ಹಿಡಿಯಬೇಕಾದ ಸ್ಪ್ರಿಂಗ್ ಬಳಲಿ ಮೊಟಕಾಗಿತ್ತು. ಗ್ರೀಸಿನ ಅಂಟು ಸ್ಪ್ರಿಂಗಿನ ಬಲಕ್ಕಿಂತ ಹೆಚ್ಚಾದಾಗ ತಗಡು ಸ್ಕ್ರೂವನ್ನು ಹಿಂಬಾಲಿಸದೆ ನಡುವೆ ನಿಲ್ಲುತ್ತದೆ. ಆಮೇಲೆ ಗುಂಡು ಹಾರಿಸುವಾಗಿನ ಸಣ್ಣ ಅದುರಿಗೆ ಯಾವಾಗಲೋ ಒಮ್ಮೆ ಜಾರಿ ತನ್ನ ಜಾಗಕ್ಕೆ ಬರುತ್ತದೆ. ಸ್ಕ್ರೂ ತಿರುಗಿಸಿದ ನಂತರದ ಕೆಲವು ಗುಂಡುಗಳು ಒಂದು ಕಡೆ, ಉಳಿದವು ಇನ್ನೊಂದು ಕಡೆ ಬೀಳುವ ಪಿಸ್ತೂಲುಗಳನ್ನು ನೋಡಿದರೆ ಮೊದಲು ಇದನ್ನೇ ಅನುಮಾನಿಸಿ.

ಗ್ರೀಸನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ತೆಗೆದೆ. ಕಾಲುವೆಯ ಮೂಲೆಗಳಿಗೆ ಮರದ ಹಲ್ಲುಕಡ್ಡಿ ಬಳಸಿದೆ. ಲೋಹದ ಮೊನೆ ಅಲ್ಲಿ ಗೀರು ಹಾಕುತ್ತದೆ. ಸ್ಪ್ರಿಂಗನ್ನು ಎಳೆದು ಉದ್ದ ಮಾಡಿ ಮತ್ತೆ ಹಾಕುವವರಿದ್ದಾರೆ. ಅದು ಸ್ವಲ್ಪ ಕಾಲ ಕೆಲಸ ಮಾಡಿ ಮತ್ತೆ ಕುಗ್ಗುತ್ತದೆ, ಆದ್ದರಿಂದ ನನಗೆ ಅದು ದುರಸ್ತಿ ಎನಿಸುವುದಿಲ್ಲ. ತಂತಿಯ ದಪ್ಪವೂ ಸುರುಳಿಯ ವ್ಯಾಸವೂ ಅಷ್ಟೇ ಇರುವ ಹೊಸ ಸ್ಪ್ರಿಂಗ್ ಹಾಕಿದೆ. ಸೈಟ್ ಒಂದು ಕೊನೆಗೆ ಸರಿದಾಗ ಸುರುಳಿಗಳು ಒಂದಕ್ಕೊಂದು ಪೂರ್ತಿ ಅಂಟಿಕೊಂಡು ಬಿಗಿಯಾಗುವುದಿಲ್ಲ ಎಂಬುದನ್ನು ಜೋಡಿಸುವಾಗಲೇ ನೋಡಿಕೊಂಡೆ. ಸ್ಕ್ರೂವಿನ ಎಳೆಗೆ ಒಂದು ಹನಿ ತೆಳು ಎಣ್ಣೆ, ಅಷ್ಟೇ. ದಪ್ಪ ಗ್ರೀಸು ಮತ್ತೆ ದೂಳನ್ನು ಕರೆಯುತ್ತದೆ. ಸ್ಕ್ರೂ ಸಡಿಲವೆಂದು ಎಳೆಗೆ ಅಂಟು ಹಾಕುವುದಂತೂ ಬೇಡವೇ ಬೇಡ, ಇದು ತಿರುಗಲೆಂದೇ ಇರುವ ಸ್ಕ್ರೂ.

ಜೋಡಿಸಿ ಮತ್ತೆ ಗೇಜ್ ಹಿಡಿದಾಗ ಹಿಂದಕ್ಕೆ ತಿರುಗಿಸಿದ ಮೊದಲ ಕ್ಲಿಕ್‌ಗೇ ಮುಳ್ಳು ಕದಲಿತು. ಉಳಿದ ಸಡಿಲಾಟ 0.01 ಮಿ.ಮೀ., ಗುರಿಯಲ್ಲಿ 0.3 ಮಿ.ಮೀ. ಆದರೂ ಒಂದು ಅಭ್ಯಾಸವನ್ನು ಬಿಟ್ಟಿಲ್ಲ: ಎಡಕ್ಕೆ ಆರು ಕ್ಲಿಕ್ ಹೋಗಬೇಕಾದರೆ ಒಂಬತ್ತು ಹೋಗಿ ಮೂರು ಬಲಕ್ಕೆ ಬರುತ್ತೇನೆ. ಕೊನೆಯ ಚಲನೆ ಸದಾ ಒಂದೇ ದಿಕ್ಕಿನಿಂದ ಇದ್ದರೆ ಉಳಿದ ಸಡಿಲಾಟವೂ ಸದಾ ಒಂದೇ ಕಡೆ ಇರುತ್ತದೆ.

ಬಿಚ್ಚಿದ್ದಾಗಲೇ ಮುಂದಿನ ಸೈಟನ್ನೂ ನೋಡಿದೆ. ಅದರ ಮೇಲಂಚಿನ ಕಪ್ಪು ಸವೆದು ಲೋಹ ಹೊಳೆಯುತ್ತಿತ್ತು. ಮೇಲಿನಿಂದ ಬೆಳಕು ಬಿದ್ದಾಗ ಆ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ, ಎತ್ತರದ ಅಂದಾಜು ಬೆಳಕಿನೊಂದಿಗೆ ಬದಲಾಗುತ್ತದೆ. ಜಿಡ್ಡು ಒರೆಸಿ, ಹೊಳಪಿಲ್ಲದ ಕಪ್ಪು ಬಣ್ಣದ ತೆಳು ಪದರ ಕೊಟ್ಟೆ. ಕರ್ಪೂರದ ಹೊಗೆಮಸಿ ಇನ್ನೂ ಚೆನ್ನಾದ ಕಪ್ಪು ಕೊಡುತ್ತದೆ, ಆದರೆ ಬೆರಳು ತಾಗಿದರೆ ಹೋಗುತ್ತದೆ. ಮಸಿ ಹಿಡಿಸುವವರು ಸೈಟನ್ನು ಕಳಚಿ ಬೇರೆಡೆ ಒಯ್ದು ಹಿಡಿಸಬೇಕು. ಪಿಸ್ತೂಲಿನ, ಸಿಲಿಂಡರಿನ ಬಳಿ ಬೆಂಕಿ ತರಬಾರದು.

ಇನ್ನು ಹಿಡಿ. ಕಣ್ಣು ಮುಚ್ಚಿ ಕೈ ಎತ್ತಿ, ಗುರಿಯ ಎತ್ತರಕ್ಕೆ ತಂದು, ಕಣ್ಣು ತೆರೆದಾಗ ಮುಂದಿನ ಸೈಟ್ ಕಚ್ಚಿನ ನಡುವೆ ಇರಬೇಕು. ನನ್ನದು ಪ್ರತಿ ಸಲವೂ ಎಡಗೋಡೆಗೆ ತಾಗಿ ನಿಲ್ಲುತ್ತಿತ್ತು. ಮಣಿಕಟ್ಟನ್ನು ಸ್ವಲ್ಪ ತಿರುಗಿಸಿದರೆ ಅದು ನಡುವೆ ಬರುತ್ತದೆ ನಿಜ. ಆದರೆ ಹಾಗೆ ತಿರುಗಿಸಿ ಹಿಡಿದ ಸ್ನಾಯು ಟ್ರಿಗರ್ ಒತ್ತುವ ಕ್ಷಣದಲ್ಲಿ ಸಡಿಲಗೊಂಡು ಮುಂದಿನ ಸೈಟನ್ನು ಮತ್ತೆ ಎಡಕ್ಕೆ ಬಿಟ್ಟುಕೊಡುತ್ತದೆ. ಅರುವತ್ತು ಗುಂಡುಗಳ ಪಂದ್ಯದಲ್ಲಿ ಆ ಸ್ನಾಯು ಮೊದಲ ಗುಂಡಿಗೆ ಇದ್ದಂತೆ ಕೊನೆಯ ಗುಂಡಿಗೆ ಇರುವುದೂ ಇಲ್ಲ. ಇದನ್ನು ಹಿಂದಿನ ಸೈಟಿನ ಸ್ಕ್ರೂವಿನಿಂದ ಸರಿಪಡಿಸಲು ಹೋದರೆ ಚದುರುವಿಕೆ ಹಾಗೇ ಉಳಿದು ಅದರ ಕೇಂದ್ರ ಮಾತ್ರ ಬೇರೆಡೆಗೆ ಹೋಗುತ್ತದೆ. ಗುಂಡುಗಳು ಅಡ್ಡಕ್ಕೆ ಉದ್ದವಾಗಿ ಹರಡಿಕೊಂಡಿದ್ದರೆ ಸ್ಕ್ರೂ ಮುಟ್ಟದೆ ಹಿಡಿಯನ್ನೂ ಟ್ರಿಗರ್ ಬೆರಳನ್ನೂ ನೋಡಬೇಕು ಎನ್ನುವುದಕ್ಕೆ ಇದೇ ಕಾರಣ.

ನನ್ನ ಪಿಸ್ತೂಲಿನ ಹಿಡಿಯನ್ನು ಚೌಕಟ್ಟಿನ ಮೇಲೆ ಸ್ವಲ್ಪ ತಿರುಗಿಸಿ ಬಿಗಿಯಲು ಅವಕಾಶವಿದೆ. ಕೂದಲೆಳೆಯಷ್ಟು ತಿರುಗಿಸಿ, ಬಿಗಿದು, ಮತ್ತೆ ಕಣ್ಣು ಮುಚ್ಚಿ ಎತ್ತಿ ನೋಡುವುದು. ನಡುವೆ ಕೈಗೆ ವಿಶ್ರಾಂತಿ ಕೊಡುವುದು, ಏಕೆಂದರೆ ದಣಿದ ಕೈ ಸುಳ್ಳು ಹೇಳುತ್ತದೆ. ಅಡ್ಡ ಸಾಲು ಸರಿಯಾದ ಮೇಲೆ ಅಂಗೈಯ ಹೆಬ್ಬೆರಳಿನ ಬುಡದಲ್ಲಿ ಟೊಳ್ಳು ಉಳಿದಿತ್ತು. ಅಲ್ಲಿಗೆ ಮರದ ಪುಟ್ಟಿ ಮೆತ್ತಿ, ಹಸಿಯಿರುವಾಗಲೇ ತೆಳು ಪ್ಲಾಸ್ಟಿಕ್ ಹಾಳೆಯ ಮೇಲಿಂದ ಹಿಡಿದು ಅಚ್ಚು ಮೂಡಿಸಿ, ಒಣಗಿದ ನಂತರ ಮರಳುಕಾಗದದಿಂದ ಹದಗೊಳಿಸಿದೆ. ಪುಟ್ಟಿ ಹಾಕುವ ಉತ್ಸಾಹದಲ್ಲಿ ಪಂದ್ಯದ ನಿಯಮ ಮರೆಯಬಾರದು: ಇಡೀ ಪಿಸ್ತೂಲು 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಹಿಡಿಸಬೇಕು, ತೂಕ 1,500 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ಸಿಡಿಯದೆ ಎತ್ತಬೇಕು. ಹಿಡಿಯ ಅಗಲ ಹೆಚ್ಚಾಗಿ ಪೆಟ್ಟಿಗೆಯಲ್ಲಿ ಕೂರದೆ ತೊಂದರೆಯಾಗುವುದು ಈ 50 ಮಿ.ಮೀ. ಅಳತೆಯಲ್ಲೇ.

ಹಿಡಿ ಸರಿಯಾದ ಮೇಲೆ ಕಚ್ಚಿನ ಅಗಲ. ಮುಂದಿನ ಸೈಟಿನ ಅಗಲ 4.5 ಮಿ.ಮೀ. ಕೈ ಚಾಚಿದಾಗ ಹಿಂದಿನ ಸೈಟ್ ಕಣ್ಣಿನಿಂದ ಸುಮಾರು 700 ಮಿ.ಮೀ., ಮುಂದಿನದು 1,030 ಮಿ.ಮೀ. ದೂರದಲ್ಲಿರುತ್ತದೆ. ದೂರದ ಕಾರಣ ಮುಂದಿನ ಸೈಟ್ ಕಚ್ಚಿನ ಬಳಿ ಸುಮಾರು 3.1 ಮಿ.ಮೀ. ಅಗಲವಾಗಿ ಕಾಣುತ್ತದೆ. ಕಚ್ಚು 4.0 ಮಿ.ಮೀ. ಇದ್ದಾಗ ಎರಡೂ ಬದಿ ಅರ್ಧ ಮಿ.ಮೀ.ಗಿಂತ ಕಡಿಮೆ ಬೆಳಕಿನ ಸಂದು ಸಿಗುತ್ತಿತ್ತು. ಇಷ್ಟು ಕಿರಿದಾದರೆ ಎಡ ಬಲ ಸಮವೇ ಎಂದು ಹುಡುಕುವುದರಲ್ಲೇ ಸಮಯ ಹೋಗುತ್ತದೆ, ಅಷ್ಟರಲ್ಲಿ ಕೈ ಸೋಲುತ್ತದೆ. ತೀರಾ ಅಗಲ ಮಾಡಿದರೆ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. 4.6 ಮಿ.ಮೀ.ಗೆ ತೆರೆದಾಗ ಪ್ರತಿ ಸಂದು ಮುಂದಿನ ಸೈಟಿನ ಕಾಲುಭಾಗದಷ್ಟಾಯಿತು. ಒಂದೇ ನೋಟಕ್ಕೆ ಸಮತೂಕ ತಿಳಿಯಿತು, ಅಲ್ಲಿಗೇ ನಿಲ್ಲಿಸಿದೆ. ವಯಸ್ಸಾದ ಕಣ್ಣಿಗೆ ಅಥವಾ ಬೆಳಕು ಕಡಿಮೆ ಇರುವಲ್ಲಿ ಇನ್ನೂ ಅಗಲ ಬೇಕಾಗಬಹುದು.

ಈ ಕೆಲಸವನ್ನು ಕ್ಲಿಕ್‌ಗಿಂತ ಮೊದಲು ಮಾಡಬೇಕಾದ ಕಾರಣ ನನ್ನ ಪಿಸ್ತೂಲಿನಲ್ಲೇ ಇದೆ. ಇದರ ಕಚ್ಚಿನ ಒಂದು ಗೋಡೆ ಮಾತ್ರ ಸರಿಯುತ್ತದೆ. ಅಗಲ 0.6 ಮಿ.ಮೀ. ಹೆಚ್ಚಿದರೆ ಕಚ್ಚಿನ ನಡುಬಿಂದು 0.3 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ, ಗುರಿಯಲ್ಲಿ ಗುಂಪು 9 ಮಿ.ಮೀ. ಸರಿಯುತ್ತದೆ. ಒಂದು ಅಂಕಕ್ಕಿಂತ ಹೆಚ್ಚು! ಎರಡೂ ಗೋಡೆಗಳು ಸಮವಾಗಿ ತೆರೆಯುವ ಪಿಸ್ತೂಲುಗಳಲ್ಲಿ ಈ ತೊಂದರೆ ಇಲ್ಲ.

ಈಗ ಎತ್ತರ. ಗುರಿಹಲಗೆಯ ಕಪ್ಪು ಭಾಗದ ವ್ಯಾಸ 59.5 ಮಿ.ಮೀ., ಅಂದರೆ ಕೇಂದ್ರದಿಂದ ಕೆಳ ಅಂಚಿಗೆ ಸುಮಾರು 30 ಮಿ.ಮೀ. ಹಿಂದಿನ ಒಡೆಯರು ಮುಂದಿನ ಸೈಟನ್ನು ಕಪ್ಪಿನ ಕೆಳ ಅಂಚಿಗೆ ಮುಟ್ಟಿಸಿ ಹೊಡೆಯುವಂತೆ ಹೊಂದಿಸಿದ್ದರು. ನನಗೆ ಅದು ಒಗ್ಗುವುದಿಲ್ಲ. ಕಪ್ಪು ಸೈಟ್ ಕಪ್ಪು ವೃತ್ತವನ್ನು ಮುಟ್ಟಿದ ಕೂಡಲೇ ಎರಡರ ನಡುವಿನ ಗೆರೆ ಕಳೆದುಹೋಗುತ್ತದೆ, ಆ ಗೆರೆಯನ್ನು ಹುಡುಕುತ್ತಾ ಕಣ್ಣಿನ ದೃಷ್ಟಿ ಮುಂದಿನ ಸೈಟನ್ನು ಬಿಟ್ಟು ಗುರಿಗೆ ಓಡುತ್ತದೆ. ಸೈಟಿಗೂ ಕಪ್ಪಿಗೂ ನಡುವೆ ಬಿಳಿ ಪಟ್ಟಿ ಬಿಟ್ಟರೆ ಸೈಟಿನ ಮೇಲಂಚು ಬಿಳಿಯ ಮೇಲೆ ಚೊಕ್ಕವಾಗಿ ಕಾಣುತ್ತದೆ. ಪಟ್ಟಿ ಒಮ್ಮೆ ಸ್ವಲ್ಪ ಹೆಚ್ಚು, ಒಮ್ಮೆ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ. ಅಲ್ಲಿ ಗುರಿ ಇಡುವುದು ಒಂದು ಬಿಂದುವಿಗಲ್ಲ, ಒಂದು ಪ್ರದೇಶಕ್ಕೆ.

ನನಗೆ ಹಿತವೆನಿಸುವ ಜಾಗ ಐದರ ವೃತ್ತದ ಕೆಳಗೆರೆಯ ಸುತ್ತಮುತ್ತ, ಕೇಂದ್ರದಿಂದ ಸುಮಾರು 46 ಮಿ.ಮೀ. ಕೆಳಗೆ. ಹಾಗಾದರೆ ಗುಂಡು ಮೊದಲಿಗಿಂತ 16 ಮಿ.ಮೀ. ಮೇಲೆ ಬೀಳಬೇಕು. ಹಿಂದಿನ ಸೈಟ್ ಮೇಲೇರಿದರೆ ಗುಂಡು ಮೇಲೆ, ಬಲಕ್ಕೆ ಸರಿದರೆ ಗುಂಡು ಬಲಕ್ಕೆ. ಎತ್ತರದ ಸ್ಕ್ರೂವಿನ ಕ್ಲಿಕ್ಕನ್ನೂ ಗೇಜಿನಿಂದ ಅಳೆದು, ಅದೂ 0.8 ಮಿ.ಮೀ. ಎಂದು ಕಂಡ ಮೇಲೆ ಇಪ್ಪತ್ತು ಕ್ಲಿಕ್ ಏರಿಸಿದೆ. ಸ್ಕ್ರೂಗಳ ಮೇಲಿನ ಅಕ್ಷರ, ಬಾಣಗಳನ್ನು ಮಾತ್ರ ಪರೀಕ್ಷಿಸದೆ ನಂಬಬೇಡಿ. ಕೆಲವು ಪಿಸ್ತೂಲುಗಳಲ್ಲಿ ಬಾಣ ಗುಂಡು ಹೋಗಬೇಕಾದ ದಿಕ್ಕನ್ನು ತೋರಿಸಿದರೆ, ಕೆಲವು ಜರ್ಮನ್ ಪಿಸ್ತೂಲುಗಳಲ್ಲಿ ಗುಂಡು ಬಿದ್ದ ದಿಕ್ಕಿಗೆ ಹೊಂದುವ ಅಕ್ಷರದ ಕಡೆಗೆ ತಿರುಗಿಸಬೇಕು. ಎರಡೂ ಒಂದಕ್ಕೊಂದು ಪೂರ್ತಿ ವಿರುದ್ಧ. ಒಮ್ಮೆ ತಿರುಗಿಸಿ, ತಗಡು ಎತ್ತ ಹೋಯಿತು ಎಂದು ನೋಡಿದರೆ ಅನುಮಾನ ಉಳಿಯುವುದಿಲ್ಲ.

ಒರಟು ಹೊಂದಾಣಿಕೆ ಆಸರೆಯ ಮೇಲೆ ಮುಗಿಯಿತು. ಕೊನೆಯ ಹೊಂದಾಣಿಕೆ ನಿಂತು, ಒಂಟಿ ಕೈಯಲ್ಲಿ, ಪಂದ್ಯದಲ್ಲಿ ಹೊಡೆಯುವಂತೆಯೇ ಆಗಬೇಕು. ಪೆಲೆಟ್ ನಳಿಕೆಯಿಂದ ಹೊರಬೀಳುವ ಮೊದಲೇ ಪಿಸ್ತೂಲು ಕೈಯಲ್ಲಿ ಅಲುಗಲು ತೊಡಗಿರುತ್ತದೆ, ಮರಳಿನ ಚೀಲದ ಮೇಲೆ ಅಲುಗುವ ಬಗೆ ಬೇರೆ. ಸಿಲಿಂಡರಿನ ಒತ್ತಡ ನೋಡಿಕೊಂಡು, ಒಂದೇ ಡಬ್ಬಿಯ ಚಪ್ಪಟೆ ತಲೆಯ ಪೆಲೆಟ್‌ಗಳನ್ನು ಬಳಸಿದೆ. ಪ್ರತಿ ಗುಂಡಿನ ನಂತರ, ಎಲ್ಲಿ ಬಿತ್ತೆಂದು ನೋಡುವ ಮೊದಲೇ, ಗುಂಡು ಹಾರಿದ ಕ್ಷಣದಲ್ಲಿ ಸೈಟ್ ಹೇಗಿತ್ತು ಎಂದು ಬರೆದುಕೊಂಡೆ. ಟ್ರಿಗರನ್ನು ಮೆಲ್ಲಗೆ ಒತ್ತದೆ ತಟ್ಟನೆ ಎಳೆದೆ ಎಂದು ಕೈಗೇ ತಿಳಿದ ಗುಂಡುಗಳನ್ನು ಲೆಕ್ಕದಿಂದ ಬಿಟ್ಟೆ. ಎಲ್ಲವನ್ನೂ ಸೇರಿಸಬೇಕು ಎನ್ನುವವರಿದ್ದಾರೆ, ಅವರ ವಾದದಲ್ಲೂ ಹುರುಳಿದೆ. ಆದರೆ ಗುಂಡು ಬಿದ್ದ ಜಾಗ ನೋಡಿದ ಮೇಲೆ ಬಿಡುವುದಾದರೆ ಅದು ಮೋಸ, ನೋಡುವ ಮೊದಲೇ ಬರೆದಿದ್ದರೆ ಅದು ಮಾಹಿತಿ.

ಗುರಿಯ ಕೇಂದ್ರದಿಂದ ಹತ್ತು ಗುಂಡುಗಳ ಅಡ್ಡ, ಉದ್ದ ಅಳತೆಗಳನ್ನು ಕೂಡಿಸಿ ಹತ್ತರಿಂದ ಭಾಗಿಸಿದೆ. ಕೇಂದ್ರ 5.6 ಮಿ.ಮೀ. ಎಡಕ್ಕೆ, 3.2 ಮಿ.ಮೀ. ಕೆಳಗೆ ಬಂತು. ನನ್ನ ಗುಂಡುಗಳ ಪ್ರಮಾಣ ವಿಚಲನೆ (ಸರಾಸರಿಯ ಸುತ್ತ ಅವು ಚದುರುವ ಅಳತೆ) ಸುಮಾರು 9 ಮಿ.ಮೀ. ಹತ್ತು ಗುಂಡುಗಳ ಸರಾಸರಿಯಲ್ಲಿ ಉಳಿಯುವ ಅನಿಶ್ಚಿತತೆ, 9 ಅನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ, 2.8 ಮಿ.ಮೀ. ಎಡಕ್ಕಿರುವ 5.6 ಅದರ ಎರಡರಷ್ಟಿದೆ, ಅದನ್ನು ನಂಬಬಹುದು: ಬಲಕ್ಕೆ ಏಳು ಕ್ಲಿಕ್. ಕೆಳಗಿನ 3.2 ಅನಿಶ್ಚಿತತೆಯ ಮಟ್ಟದಲ್ಲೇ ಇದೆ, ಅದಕ್ಕೆ ಕೈ ಹಾಕಲಿಲ್ಲ. ಇನ್ನೂ ಹತ್ತು ಹೊಡೆದಾಗ ಅಡ್ಡ ದಿಕ್ಕಿನಲ್ಲಿ ಕೇಂದ್ರ ಒಂದು ಮಿ.ಮೀ. ಒಳಗೆ ಬಂತು. ಎತ್ತರದಲ್ಲಿ ಇಪ್ಪತ್ತೂ ಗುಂಡುಗಳ ಸರಾಸರಿ 0.4 ಮಿ.ಮೀ. ಕೆಳಗೆ ನಿಂತಿತು. ಮೊದಲ ಹತ್ತನ್ನು ನೋಡಿ ನಾಲ್ಕು ಕ್ಲಿಕ್ ಏರಿಸಿದ್ದರೆ, ಸರಿಯಾಗಿದ್ದುದನ್ನು ಸುಮಾರು 3 ಮಿ.ಮೀ. ಮೇಲಕ್ಕೆ ಕೆಡಿಸಿದಂತಾಗುತ್ತಿತ್ತು. ಒಂದು ಗುಂಡು ಆಚೆ ಹೋದ ಕೂಡಲೇ ಸ್ಕ್ರೂ ತಿರುಗಿಸುವವರಿಗೆ ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಪಂದ್ಯದ ದಿನ ಇಷ್ಟು ಬಿಡುವು ಇರುವುದಿಲ್ಲ. ಆರಂಭದ ಹದಿನೈದು ನಿಮಿಷದ ಸಿದ್ಧತೆಯಲ್ಲಿ ಎಷ್ಟು ಬೇಕಾದರೂ ಪರೀಕ್ಷಾ ಗುಂಡು ಹೊಡೆಯಬಹುದು, ಬೆಳಕು ಬೇರೆಯಾದ್ದರಿಂದ ಗುಂಪು ಸರಿದಿರಲೂಬಹುದು. ಆಗ ನಾನು ಅನುಸರಿಸುವ ನಿಯಮ: ಸೈಟ್ ಚೆನ್ನಾಗಿತ್ತು ಎಂದು ಖಾತ್ರಿಯಿರುವ ಐದು ಗುಂಡುಗಳಲ್ಲಿ ನಾಲ್ಕಾದರೂ ಕೇಂದ್ರದ ಒಂದೇ ಬದಿಗೆ ಬಿದ್ದರೆ, ಲೆಕ್ಕದಲ್ಲಿ ಬರುವ ಕ್ಲಿಕ್‌ಗಳಲ್ಲಿ ಅರ್ಧ ಮಾತ್ರ ಹಾಕುವುದು.

ಕೆಲಸ ಮುಗಿದ ಮೇಲೆ ಎರಡೂ ಸ್ಕ್ರೂಗಳನ್ನು ಕೊನೆ ಮುಟ್ಟುವವರೆಗೆ, ಒತ್ತಡ ಹಾಕದೆ, ಎಣಿಸುತ್ತಾ ತಿರುಗಿಸಿ ಮತ್ತೆ ಅಷ್ಟೇ ಕ್ಲಿಕ್ ಹಿಂದಕ್ಕೆ ತಂದು ಎಣಿಕೆಯನ್ನು ಬರೆದಿಟ್ಟಿದ್ದೇನೆ. ಸ್ಕ್ರೂವಿನ ತಲೆಗೂ ಚೌಕಟ್ಟಿಗೂ ಸೇರಿಸಿ ಬಿಳಿ ಬಣ್ಣದ ಒಂದು ಸಣ್ಣ ಗೆರೆ ಎಳೆದಿದ್ದೇನೆ. ಸಾಗಣೆಯಲ್ಲಿ ಏನಾದರೂ ತಿರುಗಿದರೆ ಅದು ಕೂಡಲೇ ಕಾಣುತ್ತದೆ. ಪೆಲೆಟ್ಟಿನ ಹೊಸ ಡಬ್ಬಿ ತೆರೆದಾಗ ಮತ್ತು ಹಿಡಿಯ ಪುಟ್ಟಿಯನ್ನು ಇನ್ನಷ್ಟು ತೀಡಿದಾಗ ಹತ್ತು ಗುಂಡುಗಳ ಲೆಕ್ಕವನ್ನು ಮತ್ತೆ ಮಾಡಬೇಕಿದೆ. ಎತ್ತರದ ಸ್ಕ್ರೂವಿನ ಸ್ಪ್ರಿಂಗ್ ಸದ್ಯಕ್ಕೆ ಗಟ್ಟಿಯಾಗಿದೆ. ಅದು ಕೂಡ ಅಷ್ಟೇ ಹಳೆಯದಾದ್ದರಿಂದ ಅದರ ಅಳತೆಯ ಇನ್ನೊಂದನ್ನು ತಂದು, ಗೋಲಿಯೊಂದಿಗೆ, ಸೈಟಿನ ಡಬ್ಬಿಯಲ್ಲಿ ಇಟ್ಟಿದ್ದೇನೆ.